1600 ಮೀಟರ್‌ನ ಆಚೆ: ದೂರದ ಓಟಗಾರರ ಬಾಳಿಕೆ ಮತ್ತು ಬತ್ತುವಿಕೆ

1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮ್ಯಾರಥಾನ್ ಮುಗಿಸಿ 19ನೆಯವರಾದರು. ಅಂದಿನ ಹಾದಿಯ ಉದ್ದ 42.75 ಕಿಲೋಮೀಟರ್. ಲೆಕ್ಕ ಹಾಕಿದರೆ ಪ್ರತಿ 1600 ಮೀಟರ್‌ಗೆ ಅವರಿಗೆ ಹಿಡಿದದ್ದು ಸರಾಸರಿ 6 ನಿಮಿಷ 23 ಸೆಕೆಂಡು. ಕರ್ನಾಟಕದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷ ಅಭ್ಯರ್ಥಿ ಇದೇ 1600 ಮೀಟರನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಬೇಕು. ಚೌಗುಲೆ ಇಪ್ಪತ್ತಾರಕ್ಕೂ ಹೆಚ್ಚು ಬಾರಿ ಬೆನ್ನುಬೆನ್ನಿಗೆ ಕಾಯ್ದುಕೊಂಡ ವೇಗವನ್ನು ಇಂದಿನ ಹುಡುಗ ಒಂದೇ ಬಾರಿ ತೋರಿಸಿದರೆ ಸಾಕು. ಅವನ ಓಟ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ.

ಓಟಗಾರರು ಬೇಗ ಬತ್ತಿಹೋಗುವುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣಗಳು ಎರಡು: ಮೈ ಸೋತಿತು, ಇಲ್ಲವೇ ಮನಸ್ಸು ಗಟ್ಟಿಯಿರಲಿಲ್ಲ. ಓಟಕ್ಕೆ ಇರುವ ಗುರಿ ಒಂದೇ ಆಗಿಬಿಡುವುದು ಇವೆರಡಕ್ಕಿಂತ ದೊಡ್ಡ ಕಾರಣ ಎಂಬುದು ಈ ಲೇಖನದ ವಾದ.

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು. ದಣಿವು ನಿದ್ದೆಯಿಂದ ಹೋಗುತ್ತದೆ, ಬತ್ತುವಿಕೆ ಹೋಗುವುದಿಲ್ಲ. ಕ್ರೀಡಾ ಮನಶ್ಶಾಸ್ತ್ರಜ್ಞ ಥಾಮಸ್ ರೇಡೆಕ್ ಈ ಬತ್ತುವಿಕೆಗೆ, ಎಂದರೆ ಬರ್ನ್‌ಔಟ್‌ಗೆ, ಮೂರು ಲಕ್ಷಣಗಳನ್ನು ಗುರುತಿಸಿದರು: ಮೈಮನಗಳ ತೀವ್ರ ಬಳಲಿಕೆ, ಏನನ್ನೂ ಸಾಧಿಸುತ್ತಿಲ್ಲವೆಂಬ ಭಾವ, ಆಟಕ್ಕೆ ಕೊಡುವ ಬೆಲೆಯೇ ಇಳಿದುಹೋಗುವುದು. ಮೂರನೆಯದು ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಅದಕ್ಕೆ ವೈದ್ಯರ ಬಳಿ ಮದ್ದಿಲ್ಲ. ಸಮಾಜಶಾಸ್ತ್ರಜ್ಞ ಜೇ ಕೋಕ್ಲಿ 1992ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ಬತ್ತುವಿಕೆ ವ್ಯಕ್ತಿಯ ದೌರ್ಬಲ್ಯವಲ್ಲ. ಎಳೆಯರಿಗೆ ಆಟದ ಹೊರಗೆ ಬೇರೆ ಗುರುತೇ ಉಳಿಯದಂತೆ, ತಮ್ಮ ಬದುಕಿನ ಮೇಲೆ ಹಿಡಿತವೇ ಸಿಗದಂತೆ ಕ್ರೀಡೆಯನ್ನು ಕಟ್ಟಿರುವುದರ ಫಲ ಅದು ಎಂದರು.

ಈ ಮಾತನ್ನು ರಾಯಚೂರು ಜಿಲ್ಲೆಯಲ್ಲಿಟ್ಟು ನೋಡಬಹುದು. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ವಳಕಮದಿನ್ನಿಯಂಥ ಊರುಗಳಲ್ಲಿ ಸಿಂಥೆಟಿಕ್ ಟ್ರ್ಯಾಕ್ ಎಂಬುದು ದೂರದ ಮಾತು. ಎರೆಭೂಮಿ ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಓಡಲು ಉಳಿಯುವುದು ಡಾಂಬರು ರಸ್ತೆ, ಇಲ್ಲವೇ ಕಾಲುವೆ ದಂಡೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಬೆಳಕು ಹರಿಯುವ ಹೊತ್ತೇ ಓಟದ ಹೊತ್ತು. ಹುಡುಗರ ಬಾಯಲ್ಲಿ ಇದಕ್ಕೆ ‘ಫಿಸಿಕಲ್‌ಗೆ ತಯಾರಿ’, ಎಂದರೆ ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರಿ, ಎಂದು ಹೆಸರು.

ತೊಡಕು ಶುರುವಾಗುವುದು ನೇಮಕಾತಿಯ ಅಧಿಸೂಚನೆ ಹೊರಬಿದ್ದ ದಿನ. ಉಸಿರು, ಗುಂಡಿಗೆ ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆಗೂ ಸ್ನಾಯುರಜ್ಜುಗಳಿಗೂ ತಿಂಗಳುಗಳೇ ಬೇಕು. ದಿಢೀರನೆ ದೂರ ಹೆಚ್ಚಿಸಿದವನಿಗೆ ಉಸಿರು ಸಾಲುತ್ತದೆ, ಮೊಣಕಾಲ ಕೆಳಗಿನ ಮುಂಗಾಲ ಮೂಳೆ ನೋಯತೊಡಗುತ್ತದೆ. ಹುಡುಗಿಯರಲ್ಲಿ ಅಪಾಯ ಇನ್ನೊಂದು ಬಗೆಯದು. ಓಡುವ ಶ್ರಮಕ್ಕೆ ತಕ್ಕ ಊಟ ಸಿಗದಿದ್ದರೆ ಮುಟ್ಟು ಏರುಪೇರಾಗುತ್ತದೆ, ಮೂಳೆ ಸವೆಯುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಶಕ್ತಿಕೊರತೆಗೆ ಪ್ರತ್ಯೇಕ ಹೆಸರು ಕೊಟ್ಟು, ಅದು ಗಂಡಸರನ್ನೂ ಬಿಡುವುದಿಲ್ಲವೆಂದು ಎಚ್ಚರಿಸಿತು. ಇಷ್ಟೆಲ್ಲ ತಾಳಿಕೊಂಡು ಓಡಿದವನು ಪಾಸಾದರೆ ಓಡಲು ಕಾರಣ ಉಳಿಯುವುದಿಲ್ಲ. ಫೇಲಾದರೆ ಓಡಿದ್ದಕ್ಕೇ ಬೆಲೆ ಇಲ್ಲ. ಎರಡು ದಾರಿಯೂ ರೇಡೆಕ್ ಹೇಳಿದ ಮೂರನೆಯ ಲಕ್ಷಣಕ್ಕೇ ಹೋಗಿ ಮುಟ್ಟುತ್ತವೆ.

ನೌಕರಿಯೇ ಓಟದ ಶತ್ರುವೆಂದು ಇದರಿಂದ ತೀರ್ಮಾನಿಸುವಂತಿಲ್ಲ. ಬಿಹಾರದ ಶಿವನಾಥ್ ಸಿಂಗ್ ಸೇನೆಯ ಯೋಧ. 1974ರ ಟೆಹರಾನ್ ಏಷ್ಯನ್ ಗೇಮ್ಸ್‌ನ 5000 ಮೀಟರ್‌ನಲ್ಲಿ ಚಿನ್ನ ಗೆದ್ದರು, 1976ರ ಮಾಂಟ್ರಿಯಲ್ ಒಲಿಂಪಿಕ್ ಮ್ಯಾರಥಾನ್‌ನಲ್ಲಿ 11ನೆಯವರಾದರು. ಮೂವತ್ತು ದಾಟಿದ ಮೇಲೆ, 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದರು. ಎಂದರೆ ಪ್ರತಿ 1600 ಮೀಟರ್‌ಗೆ ಸರಿಸುಮಾರು 5 ನಿಮಿಷ. ಆ ರಾಷ್ಟ್ರೀಯ ದಾಖಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಉಳಿಯಿತು. ಅವರ ಪಾಲಿಗೆ ನೌಕರಿ ಓಟದ ಆರಂಭವಾಗಿತ್ತು.

ಚೌಗುಲೆ ಓಡಿದ ಮ್ಯಾರಥಾನನ್ನು ಗೆದ್ದ ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ ಕಥೆಯೂ ಇದನ್ನೇ ಹೇಳುತ್ತದೆ. 1912ರಲ್ಲಿ ಮೂರು ಚಿನ್ನ ಗೆದ್ದಿದ್ದ ಅವರು ಅಮೆರಿಕಕ್ಕೆ ಹೋಗಿ ಗಾರೆ ಕೆಲಸ ಮಾಡಿಕೊಂಡಿದ್ದರು. ಮಹಾಯುದ್ಧ ಒಂದು ಒಲಿಂಪಿಕ್ಸನ್ನೇ ನುಂಗಿತು. ಎಂಟು ವರ್ಷಗಳ ಮೇಲೆ, 30ರ ವಯಸ್ಸಿನಲ್ಲಿ, ಅವರು ಮತ್ತೆ ಗೆದ್ದರು. ನಮ್ಮ ಕಾಲದಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ 18ರಲ್ಲಿ 5000 ಮೀಟರ್ ವಿಶ್ವ ಚಾಂಪಿಯನ್ ಆದರು, 37ರಲ್ಲಿ ಬರ್ಲಿನ್‌ನಲ್ಲಿ 2:01:09ರ ಮ್ಯಾರಥಾನ್ ವಿಶ್ವದಾಖಲೆ ಬರೆದರು. ಇಪ್ಪತ್ತೈದಕ್ಕೆ ಕಾಲು ಮುಗಿಯಿತೆಂಬ ಮಾತು ದೂರದ ಓಟಕ್ಕೆ ಸಲ್ಲದು. ಒಂದು ಗುರಿ ತೀರಿದ ಮೇಲೆ ಇನ್ನೊಂದು ಗುರಿ ಕಾದಿತ್ತು ಎಂಬುದಷ್ಟೇ ಇವರೆಲ್ಲರಲ್ಲಿ ಸಮಾನವಾದದ್ದು.

ಹೀಗಾಗಿ ಪರಿಹಾರವನ್ನು ಬರೀ ತರಬೇತಿಯ ವಿಧಾನದಲ್ಲಿ ಹುಡುಕಿದರೆ ಸಾಲದು. ದೈಹಿಕ ಪರೀಕ್ಷೆಗೆ ಕನಿಷ್ಠ ಆರು ತಿಂಗಳ ಮುನ್ಸೂಚನೆ ಸಿಕ್ಕರೆ ಮೂಳೆಗೆ ಪಳಗಲು ಕಾಲ ಸಿಗುತ್ತದೆ. ತಾಲ್ಲೂಕು ಮಟ್ಟದಲ್ಲಿ ವರ್ಷಕ್ಕೆರಡು ಬಾರಿ 5000 ಮತ್ತು 10,000 ಮೀಟರ್ ಓಟವನ್ನು ವಯೋಮಿತಿಯಿಲ್ಲದೆ ನಡೆಸಿದರೆ ನೌಕರಿ ಸಿಕ್ಕವನಿಗೂ ಸಿಗದವನಿಗೂ ಓಡಲು ಒಂದು ನೆವ ಉಳಿಯುತ್ತದೆ. ಇದಕ್ಕೆ ಬೇಕಾದದ್ದು ಅಳತೆ ಮಾಡಿದ ಒಂದು ಮಣ್ಣಿನ ಹಾದಿ, ಒಂದು ಗಡಿಯಾರ, ಬೆಳಗಿನ ಜಾವ ಎದ್ದು ಬರುವ ಒಬ್ಬ ದೈಹಿಕ ಶಿಕ್ಷಕ. ಓಟಗಾರರು ಏಕೆ ಬತ್ತಿದರು ಎಂದು ಕೇಳುವ ಮೊದಲು, 1600 ಮೀಟರ್ ದಾಟಿದ ಮೇಲೆ ಅವರಿಗಾಗಿ ನಾವು ಏನನ್ನು ಇಟ್ಟಿದ್ದೆವು ಎಂದು ಇಲಾಖೆಗಳೂ ಶಾಲೆಗಳೂ ಕೇಳಿಕೊಳ್ಳಲಿ.