ಆರತಿ ಯಾರ ಸಂಸ್ಕೃತಿ?

ಬೆಂಗಳೂರಿನ ಹಚಿನ್ಸ್ ರಸ್ತೆಯಲ್ಲಿ ದೇವಾಲಯದಂತೆ ಕಾಣುವ ಕ್ರೈಸ್ತ ಪ್ರಾರ್ಥನಾ ಮಂದಿರವೊಂದಿದೆ. ಡಿ.ಎಸ್. ಅಮಲೋರ್ಪವದಾಸ್ ಎಂಬ ಪಾದ್ರಿ 1967ರಲ್ಲಿ ಆರಂಭಿಸಿದ ಕ್ಯಾಥೊಲಿಕ್ ಕೇಂದ್ರದ್ದು ಅದು. ಯೂರೋಪಿನಿಂದ ಬಂದದ್ದು ಕ್ರಿಸ್ತನ ಸಂದೇಶವೊಂದೇ ಅಲ್ಲ, ಅಲ್ಲಿನ ಉಡುಪು, ರಾಗ, ಮಂಡಿಯೂರುವ ಪದ್ಧತಿಯೂ ಜತೆಗೇ ಬಂದವು. ಸಂದೇಶ ಉಳಿಸಿಕೊಂಡು ಉಡುಪು ಬದಲಿಸಬಾರದೇಕೆ ಎಂಬುದು ಅವರ ವಾದದ ತಿರುಳು. ಭಾರತದ ಬಿಷಪರು ಕೇಳಿದ 12 ಬದಲಾವಣೆಗಳಿಗೆ 1969ರಲ್ಲಿ ರೋಮ್ ಒಪ್ಪಿತು. ಬಲಿಪೂಜೆಯಲ್ಲಿ ನೆಲದ ಮೇಲೆ ಕೂರುವುದು, ಚಪ್ಪಲಿ ಬಿಡುವುದು, ಎಣ್ಣೆ ದೀಪ, ಆರತಿ, ಪಾದ್ರಿಯ ಹೆಗಲಿಗೆ ಶಾಲು ಎಲ್ಲವೂ ಅದರಲ್ಲಿದ್ದವು. ತಮ್ಮನ್ನು ಹಿಂದೂಗಳನ್ನಾಗಿ ಮಾಡಲಾಗುತ್ತಿದೆ ಎಂದು ಕೆಲವು ಭಕ್ತರು ಸಿಟ್ಟಾದರು.

ಇದಕ್ಕಿಂತ ಹರಿತವಾದ ಪ್ರಶ್ನೆ ಎದ್ದದ್ದು ಆರ್.ಟಿ. ನಗರಕ್ಕೆ ಸಮೀಪದ ಬೆನ್ಸನ್ ಟೌನ್‌ನಲ್ಲಿ. 1910ರಲ್ಲಿ ಸ್ಥಾಪನೆಯಾದ ಪ್ರಾಟೆಸ್ಟೆಂಟರ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇರುವುದು ಅಲ್ಲಿ. 1981ರಲ್ಲಿ ಅಲ್ಲಿ ಮಾತನಾಡಿದ ಅರವಿಂದ ನಿರ್ಮಲ್, ಭಾರತೀಯ ಕ್ರೈಸ್ತ ದೈವಶಾಸ್ತ್ರ ಈವರೆಗೆ ಸಂವಾದ ನಡೆಸಿದ್ದು ಬ್ರಾಹ್ಮಣ ಪರಂಪರೆಯೊಡನೆ ಮಾತ್ರ ಎಂದರು. ಮುಂದೆ ದಲಿತ ದೈವಶಾಸ್ತ್ರ ಎನಿಸಿಕೊಂಡ ಚಿಂತನೆಗೆ ಅದೇ ನಾಂದಿ.

ಅವರ ಮಾತನ್ನು ತಳ್ಳಿಹಾಕುವುದು ಕಷ್ಟ. ಭಾರತದ ಕ್ರೈಸ್ತರಲ್ಲಿ ಬಹುಪಾಲು ಜನರ ಹಿರಿಯರು ಗರ್ಭಗುಡಿ ಹಾಗಿರಲಿ, ಗುಡಿಯ ಅಂಗಳವನ್ನೂ ತುಳಿಯುವಂತಿರಲಿಲ್ಲ. ಅಂಥವರಿಗೆ ಆರತಿ 'ನಮ್ಮ ಸಂಸ್ಕೃತಿ' ಆಗುವುದು ಹೇಗೆ?

ಅದೇ ಕಾಲೇಜಿನಲ್ಲಿ ಪಾಠ ಹೇಳಿದ ಸತ್ಯನಾಥನ್ ಕ್ಲಾರ್ಕ್ ಬೇರೆ ದಾರಿ ಹುಡುಕಿದರು. ತಮಿಳುನಾಡಿನ ಪರೆಯರು ಬಾರಿಸುವ ಪರೈ ವಾದ್ಯದಲ್ಲಿ ಅವರು ಕ್ರಿಸ್ತನ ಪ್ರತೀಕವನ್ನು ಕಂಡರು. ಆ ಕುರಿತ ಅವರ ಪುಸ್ತಕ 1998ರಲ್ಲಿ ಬಂತು. ಪರೈ ಎಂದರೆ ಹೆಚ್ಚುಕಡಿಮೆ ನಮ್ಮ ತಮಟೆಯೇ.