ಕ್ಯಾಟಲಿಟಿಕ್ ಕನ್ವರ್ಟರ್: ಕೆಲಸ ಮತ್ತು ಕೇಡು

ಪೆಟ್ರೋಲ್ ಕಾರಿನ ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ, ಹೊಗೆ ಸಾಗುವ ಕೊಳವೆಯಲ್ಲಿ ಕೂರಿಸಿರುವ ಉಕ್ಕಿನ ಡಬ್ಬಿಯೇ ಕ್ಯಾಟಲಿಟಿಕ್ ಕನ್ವರ್ಟರ್. ಅದರೊಳಗೆ ತಿರುಗುವ, ಅಲುಗಾಡುವ ಭಾಗ ಒಂದೂ ಇಲ್ಲ. ಎಂಜಿನ್ ಉಗುಳುವ ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಹೈಡ್ರೊಕಾರ್ಬನ್ ಮತ್ತು ನೈಟ್ರೊಜನ್ ಆಕ್ಸೈಡ್‌ಗಳ ಬಹುಪಾಲು ಇದರೊಳಗೆ ಹಾದು ಹೊರಬೀಳುವಷ್ಟರಲ್ಲಿ ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ನೈಟ್ರೊಜನ್ ಆಗಿರುತ್ತದೆ.

ಡಬ್ಬಿಯೊಳಗಿನ ಪಿಂಗಾಣಿ ದಿಮ್ಮಿಯಲ್ಲಿ ಜೇನುಹುಟ್ಟಿನಂತೆ ಒತ್ತೊತ್ತಾಗಿ ಸಣ್ಣ ಕಿಂಡಿಗಳಿವೆ. ಕಿಂಡಿಗಳ ಗೋಡೆಗೆ ಅಲ್ಯೂಮಿನಾ ಲೇಪ, ಆ ಲೇಪದಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಕಣಗಳು. ಲೋಹದ ಪ್ರಮಾಣ ಕೆಲವೇ ಗ್ರಾಂ. ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಈ ಲೋಹಗಳು ತಾವು ಮಾತ್ರ ಖರ್ಚಾಗುವುದಿಲ್ಲ. ಆದರೆ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯೇರುವ ತನಕ ಅವು ಕೆಲಸ ಶುರುಮಾಡುವುದಿಲ್ಲ. ತಣ್ಣಗಿದ್ದ ಕಾರನ್ನು ಸ್ಟಾರ್ಟ್ ಮಾಡಿದ ಮೊದಲ ನಿಮಿಷದ ಹೊಗೆಯೇ ಹೆಚ್ಚು ಕೊಳಕಾಗಿರಲು ಇದು ಕಾರಣ. ಗಾಳಿ ಮತ್ತು ಪೆಟ್ರೋಲಿನ ತೂಕವೂ 14.7ಕ್ಕೆ 1ರ ಆಸುಪಾಸಿನಲ್ಲಿರಬೇಕು. ಆಕ್ಸಿಜನ್ ಸೆನ್ಸರ್ ನೀಡುವ ಸುಳಿವಿನ ಮೇಲೆ ಎಂಜಿನ್ನಿನ ಕಂಪ್ಯೂಟರ್ ಈ ಹದ ಕಾಯುತ್ತದೆ.

ಲಾಸ್ ಏಂಜಲೀಸಿನ ಹೊಗೆಮಂಜಿನಿಂದ ಕಳವಳಗೊಂಡ ಫ್ರೆಂಚ್ ಮೂಲದ ಎಂಜಿನಿಯರ್ ಯೂಜೀನ್ ಹೂಡ್ರಿ 1950ರ ದಶಕದಲ್ಲೇ ಇಂಥ ಸಾಧನಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಅಂದಿನ ಪೆಟ್ರೋಲಿನಲ್ಲಿದ್ದ ಸೀಸ ಲೋಹದ ಕಣಗಳ ಮೇಲೆ ಕೂತು ಅವನ್ನು ನಿಷ್ಪ್ರಯೋಜಕ ಮಾಡುತ್ತಿತ್ತು. ಅಮೆರಿಕದ ಕಾರುಗಳಲ್ಲಿ ಇದು ವ್ಯಾಪಕವಾಗಿ ಬಂದದ್ದು 1975ರ ಮಾದರಿಗಳಿಂದ, ಸೀಸರಹಿತ ಪೆಟ್ರೋಲಿನ ಜೊತೆಗೇ. ಭಾರತದಲ್ಲಿ 1995ರ ಏಪ್ರಿಲಿನಿಂದ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾಯಿತು. ಆ ಮೊದಲ ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ.

ಕನ್ವರ್ಟರ್ ತಾನಾಗಿ ಕೆಡುವುದು ಅಪರೂಪ. ಬಹುತೇಕ ಬೇರೆ ಭಾಗದ ಕಾಯಿಲೆ ಇದನ್ನು ಬಲಿ ತೆಗೆದುಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಕೆಟ್ಟು ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎನ್ನೋಣ. ಅಲ್ಲಿ ಉರಿಯದ ಪೆಟ್ರೋಲ್ ನೇರ ಕನ್ವರ್ಟರಿಗೆ ಬಂದು ಅಲ್ಲೇ ಉರಿಯುತ್ತದೆ. ಬಿಸಿ ಮಿತಿಮೀರಿ ಪಿಂಗಾಣಿ ಕರಗುತ್ತದೆ, ಕಿಂಡಿಗಳು ಮುಚ್ಚಿಕೊಳ್ಳುತ್ತವೆ. ಎಂಜಿನ್ ಆಯಿಲ್ ಕುಡಿಯುವ ಹಳೆ ಕಾರಿನಲ್ಲಿ ಆಯಿಲಿನ ರಂಜಕ ಲೋಹದ ಮೇಲೆ ಪದರ ಕಟ್ಟುತ್ತದೆ. ಸೋರಿ ಸಿಲಿಂಡರಿಗೆ ಇಳಿದ ಕೂಲಂಟ್ ಮಾಡುವುದೂ ಇದನ್ನೇ. ಇನ್ನು ಅಳತೆಮೀರಿದ ರೋಡ್ ಹಂಪ್‌ಗೆ ಕಾರಿನ ಹೊಟ್ಟೆ ಬಡಿದರೆ ಪಿಂಗಾಣಿ ಒಡೆದೇ ಹೋದೀತು.

ಒಡೆದದ್ದು ಗೊತ್ತಾಗುವುದು ಸದ್ದಿನಿಂದ: ಕಾರಿನಡಿ ಗಡಗಡ ಎನ್ನುತ್ತದೆ. ಕಟ್ಟಿಕೊಂಡಿದ್ದರೆ ಹೊಗೆ ಹೊರಹೋಗಲಾರದೆ ಪಿಕಪ್ ಬೀಳುತ್ತದೆ. ಘಾಟಿಯ ಏರಿನಲ್ಲಿ ಆಕ್ಸಿಲರೇಟರ್ ಎಷ್ಟೇ ಒತ್ತಿದರೂ ಕಾರು ಏಳುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೈಡ್ರೊಜನ್ ಸಲ್ಫೈಡ್ ಹೊರಬರುತ್ತಿದೆ ಎಂದರ್ಥ. ಎಲ್ಲಕ್ಕಿಂತ ಸಾಮಾನ್ಯ ಲಕ್ಷಣ ಚೆಕ್ ಎಂಜಿನ್ ದೀಪ. ಸ್ಕ್ಯಾನರ್ ಹಚ್ಚಿದಾಗ ಪಿ0420 ಎಂಬ ಕೋಡ್ ಬಂದರೆ ಕನ್ವರ್ಟರಿನ ದಕ್ಷತೆ ಕುಗ್ಗಿದೆ ಎಂದು ಕಂಪ್ಯೂಟರ್ ಹೇಳುತ್ತಿದೆ.

ಹೇಳುತ್ತಿದೆ ಅಷ್ಟೇ, ಸಾಬೀತು ಮಾಡಿಲ್ಲ. ಹಿಂಬದಿಯ ಆಕ್ಸಿಜನ್ ಸೆನ್ಸರ್ ಕೆಟ್ಟಿದ್ದರೂ, ಕೊಳವೆಯಲ್ಲಿ ಸಣ್ಣ ಸೋರಿಕೆಯಿದ್ದರೂ ಅದೇ ಕೋಡ್ ಬರಬಹುದು. ಆರೋಗ್ಯವಂತ ಕನ್ವರ್ಟರಿನ ಮುಂದಿನ ಸೆನ್ಸರಿನ ಸಂಕೇತ ಏರಿಳಿಯುತ್ತದೆ, ಹಿಂದಿನದು ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ಎರಡೂ ಒಂದೇ ತಾಳಕ್ಕೆ ಕುಣಿಯುತ್ತಿದ್ದರೆ ಮಾತ್ರ ಅನುಮಾನ ಗಟ್ಟಿ. ಈ ಪರೀಕ್ಷೆ ಮಾಡದೆ ‘ಬದಲಾಯಿಸಿಬಿಡಿ’ ಎನ್ನುವ ಮೆಕ್ಯಾನಿಕ್ಕಿನ ಸಲಹೆ ದುಬಾರಿಯದು. ಒಳಗಿನ ಪಿಂಗಾಣಿ ಕುಟ್ಟಿ ತೆಗೆದು ಖಾಲಿ ಡಬ್ಬಿ ಕೂರಿಸುವುದಂತೂ ಕಾನೂನಿಗೆ ವಿರುದ್ಧ. ಅಂಥ ಕಾರು ಹೊಗೆ ತಪಾಸಣೆಯಲ್ಲಿ ನಪಾಸಾಗುವ ಸಂಭವವೂ ಹೆಚ್ಚು.

ಲೋಹಗಳ ಬೆಲೆಯಿಂದಾಗಿ ಕಳ್ಳರಿಗೂ ಇದರ ಮೇಲೆ ಕಣ್ಣು. 2021ರಲ್ಲಿ ರೋಡಿಯಂ ಬೆಲೆ ಔನ್ಸಿಗೆ 25,000 ಡಾಲರ್ ದಾಟಿದಾಗ ಅಮೆರಿಕದಲ್ಲಿ ಟೊಯೊಟಾ ಪ್ರಿಯಸ್ ಕಾರುಗಳಡಿಯಿಂದ ಕನ್ವರ್ಟರುಗಳನ್ನು ಗರಗಸದಿಂದ ಕೊಯ್ದು ಒಯ್ಯುತ್ತಿದ್ದರು. ಕೆಟ್ಟ ಕನ್ವರ್ಟರಿನಲ್ಲೂ ಈ ಲೋಹ ಉಳಿದಿರುತ್ತದೆ. ಹೊಸದು ಹಾಕಿಸಿಕೊಂಡವರು ಹಳೆಯದನ್ನು ಗ್ಯಾರೇಜಿನಲ್ಲೇ ಬಿಟ್ಟು ಬರುವ ಮುನ್ನ ಅದರ ಗುಜರಿ ಬೆಲೆ ಕೇಳಿಕೊಳ್ಳುವುದು ಒಳ್ಳೆಯದು.