ಗಡಿಯ ಹೊಳೆಯೂ ಕರಾರಿನ ಕಾಗದವೂ

ಹೂವಿನ ಹಡಗಲಿ ತಾಲ್ಲೂಕಿನ ಮೈಲಾರವು ಕಾರ್ಣಿಕದ ಕ್ಷೇತ್ರವೆಂದು ಕನ್ನಡಿಗರೆಲ್ಲರಿಗೂ ಪರಿಚಿತವಾದುದು. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಮಾತನ್ನು ಕೇಳಲು ನಾನಾ ಸೀಮೆಗಳ ಜನರು ಬಂದು ಕೂಡುವರು. ಆ ನುಡಿಯಿಂದ ಮುಂದಣ ಮಳೆಬೆಳೆಗಳ ಗತಿಯನ್ನು ಊಹಿಸುವರು. ಊರಿನ ಮಗ್ಗುಲಲ್ಲಿ ತುಂಗಭದ್ರೆಯು ಹರಿಯುತ್ತದೆ. ಹೊಳೆಯ ಆಚೆಗೆ, ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿಯೂ ಇದೇ ಮೈಲಾರಲಿಂಗನ ಗುಡಿಯುಂಟು. ದೇವರಿಗೂ ಗೊರವರಿಗೂ ಈ ಹೊಳೆಯು ಎಂದೂ ಗಡಿಯಾಗಿರಲಿಲ್ಲ. ಸರಕಾರಗಳಿಗೆ ಮಾತ್ರ ಅದು ಒಂದು ಶತಮಾನಕ್ಕೂ ಮಿಕ್ಕಿದ ಕಾಲ ಗಡಿಯಾಗಿತ್ತು. ಆ ಗಡಿಯು ಅಳಿದು ಬಹುಕಾಲವಾಯಿತು. ಗಡಿಯ ಕಾಲದಲ್ಲಿ ಹುಟ್ಟಿದ ನೀರಿನ ವ್ಯಾಜ್ಯ ಮಾತ್ರ ಅಳಿಯಲಿಲ್ಲ. ಅದು ಹೇಗಾಯಿತೆಂಬುದು ವಿಚಾರಕ್ಕೆ ಯೋಗ್ಯವಾದ ಚರಿತ್ರೆ.

1800ನೆಯ ಇಸವಿಯಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಹೀಗೆ ಮದರಾಸು ಪ್ರಾಂತಕ್ಕೆ ಸೇರಿದುವು. 1818ರಲ್ಲಿ ಪೇಶವೆಯ ರಾಜ್ಯವು ಮುರಿದಮೇಲೆ ಆಚೆಯ ದಡದ ಧಾರವಾಡ ಸೀಮೆಯು ಮುಂಬಯಿ ಪ್ರಾಂತದ ಭಾಗವಾಯಿತು. ಹೊಳೆಯ ಮೇಲಣ ಹರಿವು ಮೈಸೂರು ಸಂಸ್ಥಾನದಲ್ಲಿಯೂ, ಕೊಪ್ಪಳ ರಾಯಚೂರುಗಳ ಎಡದಂಡೆಯು ನಿಜಾಮನ ರಾಜ್ಯದಲ್ಲಿಯೂ ಇದ್ದುವು. ಒಂದೇ ಹೊಳೆಗೆ ನಾಲ್ವರು ಒಡೆಯರಾದರು. ವಿಜಯನಗರದ ಅರಸರ ಕಾಲದಲ್ಲಿ ಇದೇ ಹೊಳೆಗೆ ಅಣೆಗಳನ್ನು ಕಟ್ಟಿ ಕಾಲುವೆಗಳನ್ನು ತೆಗೆದಾಗ ಮೇಲಿನವರು ಯಾರು ಕೆಳಗಿನವರು ಯಾರು ಎಂಬ ಪ್ರಶ್ನೆಗೆ ರಾಜಾಜ್ಞೆಯೊಂದೇ ಉತ್ತರವಾಗಿತ್ತು. ನಾಲ್ವರು ಒಡೆಯರಾದಾಗ ಆಜ್ಞೆಯ ಸ್ಥಾನದಲ್ಲಿ ಕರಾರು ಬರಬೇಕಾಯಿತು.

ಬಳ್ಳಾರಿ ಸೀಮೆಯು ಬರಕ್ಕೆ ತವರೆಂದು ಹೆಸರಾದುದು. ತುಂಗಭದ್ರೆಯ ನೀರನ್ನು ಈ ಒಣಭೂಮಿಗೆ ತಿರುಗಿಸಬೇಕೆಂಬ ಆಲೋಚನೆಯನ್ನು ಸರ್ ಆರ್ಥರ್ ಕಾಟನ್ 1860ರ ವೇಳೆಗೇ ಮುಂದಿಟ್ಟಿದ್ದರು. ಆದರೆ ಆಗ ಕಾರ್ಯರೂಪಕ್ಕೆ ಬಂದುದು ಬಹು ಕೆಳಗಿನ ಸುಂಕೇಸುಲದಿಂದ ಹೊರಡುವ ಕರ್ನೂಲು-ಕಡಪಾ ಕಾಲುವೆಯೊಂದೇ. ಖಾಸಗಿ ಕಂಪನಿಯೊಂದು ತೋಡಿಸಿದ ಆ ಕಾಲುವೆಯನ್ನು 1882ರಲ್ಲಿ ಸರಕಾರವು ವಹಿಸಿಕೊಂಡಿತು. ನಡುವೆ 1876ರಿಂದ 1878ರವರೆಗಿನ ಮಹಾಕ್ಷಾಮವು ಬಳ್ಳಾರಿ ಜಿಲ್ಲೆಯ ಹಳ್ಳಿಗಳನ್ನು ಬರಿದುಮಾಡಿತು. ಹೊಳೆಯ ದಡದಲ್ಲಿದ್ದವರೂ ಅನ್ನವಿಲ್ಲದೆ ಸತ್ತರು. ಹೊಳೆಯ ನೀರು ಅವರ ಹೊಲಗಳಿಗೆ ಹತ್ತದೆ ಕೆಳಗೆ ಹರಿದುಹೋಗುತ್ತಿತ್ತು.

1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿ ದೊರೆಯಿತು. ಕ್ಷಾಮದ ನೆನಪು ಆರದಿದ್ದ ಆ ದಿನಗಳಲ್ಲಿ ಮೈಸೂರಿನವರು ಕೆರೆಕಟ್ಟೆಗಳ ಜೀರ್ಣೋದ್ಧಾರಕ್ಕೆ ಕೈಹಾಕಿದರು. ಮೇಲೆ ಕಟ್ಟೆ ಎದ್ದರೆ ಕೆಳಗೆ ನೀರು ಕುಂದೀತೆಂದು ಮದರಾಸು ಸರಕಾರವು ಶಂಕಿಸಿತು. ಇದರ ಫಲವೇ 1892ನೆಯ ಇಸವಿ ಫೆಬ್ರವರಿ 18ರ ಕರಾರು. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರ್. ಕರಾರಿನ ಮೊದಲನೆಯ ಅನುಬಂಧದಲ್ಲಿ 15 ನದಿಗಳ ಹೆಸರುಗಳಿದ್ದುವು; ತುಂಗಭದ್ರೆ, ತುಂಗೆ, ಭದ್ರೆ, ಹಗರಿ ಅಥವಾ ವೇದಾವತಿ, ಕಾವೇರಿ ಇವೆಲ್ಲವೂ ಅದರಲ್ಲಿ ಸೇರಿದ್ದುವು. ಈ ನದಿಗಳಿಗೆ ಅಡ್ಡಲಾಗಿ ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯವನ್ನು ಕಟ್ಟಕೂಡದೆಂದಾಯಿತು. ಮದರಾಸಾದರೂ ಬಹುಕಾಲದ ಅನುಭವದಿಂದ ಈಗಾಗಲೇ ಸಿದ್ಧಿಸಿ ಚಾಲ್ತಿಯಲ್ಲಿರುವ ಹಕ್ಕಿನ ರಕ್ಷಣೆಗಲ್ಲದೆ ಬೇರಾವ ಕಾರಣಕ್ಕೂ ಒಪ್ಪಿಗೆಯನ್ನು ನಿರಾಕರಿಸಕೂಡದು. ಭಿನ್ನಾಭಿಪ್ರಾಯ ಬಂದಲ್ಲಿ ಪಂಚಾಯಿತರ ಮುಂದೆ ಅಥವಾ ಭಾರತ ಸರಕಾರದ ಮುಂದೆ ಹೋಗಬೇಕು.

ನ್ಯಾಯವಾದಿಗಳಿಗೆ ಈ ಕರಾರು ಒಡ್ಡಿದ ಕಷ್ಟಗಳು ಎರಡು. ಹೊಲದ ಬದುವಿನಲ್ಲಿ ಹರಿಯುವ ಕಾಲುವೆಯ ವಿಷಯದಲ್ಲಿ ಇಬ್ಬರು ರೈತರ ನಡುವೆ ತೀರ್ಪು ಹೇಳಲು ಹುಟ್ಟಿದ ಅನುಭವದ ಹಕ್ಕಿನ ನ್ಯಾಯವನ್ನು ಎರಡು ರಾಜ್ಯಗಳ ನಡುವೆ ಅನ್ವಯಿಸುವುದು ಹೇಗೆ? ಇದು ಮೊದಲನೆಯದು. ಹಿಂದೆ ನೀರನ್ನು ಬಳಸಿದವನಿಗೆ ಹಕ್ಕೆಂದಾದರೆ, ಬಡತನದಿಂದಲೋ ಬರದಿಂದಲೋ ಬಳಸಲಾರದೆ ಉಳಿದವನ ಗತಿಯೇನು? ಇದು ಎರಡನೆಯದು. ಕಾವೇರಿಯ ವಿಷಯದಲ್ಲಿ ಈ ಕಷ್ಟವು ಬೇಗನೆ ಪ್ರಕಟವಾಯಿತು. ಕನ್ನಂಬಾಡಿಯ ಕಟ್ಟೆಯ ವಿಚಾರದಲ್ಲಿ ಸರ್ ಹೆನ್ರಿ ಗ್ರಿಫಿನ್ 1914ರಲ್ಲಿ ಕೊಟ್ಟ ಪಂಚಾಯಿತಿ ತೀರ್ಪು ಮೇಲ್ಮನವಿಗೆ ಸಿಕ್ಕಿ ನಿಲ್ಲದೆ ಹೋಯಿತು. ಒಪ್ಪಂದವಾಗಲು 1924 ಬರಬೇಕಾಯಿತು. ಇನ್ನೂ ಒಂದು ವಿಚಿತ್ರವುಂಟು. 1892ರ ಕರಾರು ಮೈಸೂರು ಮದರಾಸುಗಳನ್ನು ಮಾತ್ರ ಕಟ್ಟಿಹಾಕಿತು. ಮೈಲಾರದ ಎದುರು ದಡದ ಮುಂಬಯಿ ಪ್ರಾಂತವಾಗಲಿ, ಕೆಳಗಿನ ಹೈದರಾಬಾದಾಗಲಿ ಅದಕ್ಕೆ ಸಹಿ ಹಾಕಿರಲಿಲ್ಲ. ಒಂದು ದಡಕ್ಕೆ ಅನ್ವಯಿಸುವ ಕಾಗದವು ಇನ್ನೊಂದು ದಡಕ್ಕೆ ಅನ್ವಯಿಸುತ್ತಿರಲಿಲ್ಲ.

ಇದೇ ಕಾಲದಲ್ಲಿ ಬೇರೆ ದೇಶಗಳಲ್ಲಿಯೂ ಈ ಪ್ರಶ್ನೆಯು ಎದ್ದಿತ್ತು. ತಮ್ಮ ನೆಲದಲ್ಲಿ ಹರಿಯುವ ನೀರಿನ ಮೇಲೆ ತಮಗೆ ಪೂರ್ಣಾಧಿಕಾರವುಂಟೆಂದು ಅಮೆರಿಕದ ಅಟಾರ್ನಿ ಜನರಲ್ ಹಾರ್ಮನ್ 1895ರಲ್ಲಿ ಮೆಕ್ಸಿಕೋ ದೇಶದ ವ್ಯಾಜ್ಯದಲ್ಲಿ ಅಭಿಪ್ರಾಯವಿತ್ತರು. ಆದರೆ ಅದೇ ದೇಶದ ಶ್ರೇಷ್ಠ ನ್ಯಾಯಾಲಯವು 1907ರಲ್ಲಿ ಕ್ಯಾನ್ಸಸ್ ಕೊಲೊರಾಡೋಗಳ ಮೊಕದ್ದಮೆಯಲ್ಲಿ, ಒಂದೇ ನದಿಯ ರಾಜ್ಯಗಳು ಸಮಾನ ಗೌರವವುಳ್ಳವು, ನೀರು ನ್ಯಾಯವಾಗಿ ಹಂಚಿಕೆಯಾಗಬೇಕು ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಭಾರತದಲ್ಲಿ ಈ ತತ್ತ್ವವನ್ನು ಸ್ಪಷ್ಟಪಡಿಸಿದವರು ದಕ್ಷಿಣ ಕನ್ನಡದ ಬೆನೆಗಲ್ ನರಸಿಂಗ ರಾಯರು. 1935ರ ಭಾರತ ಸರಕಾರದ ಕಾಯಿದೆಯು ಪ್ರಾಂತಗಳ ನಡುವಣ ನೀರಿನ ದೂರುಗಳನ್ನು ನ್ಯಾಯಾಲಯಗಳ ವ್ಯಾಪ್ತಿಯಿಂದ ಹೊರಗಿಟ್ಟು ಗವರ್ನರ್ ಜನರಲರಿಗೂ ಅವರು ನೇಮಿಸುವ ಆಯೋಗಕ್ಕೂ ಒಪ್ಪಿಸಿತ್ತು. ಸಿಂಧ್ ಪಂಜಾಬುಗಳ ವ್ಯಾಜ್ಯಕ್ಕಾಗಿ ಹೀಗೆ ನೇಮಕವಾದ ಆಯೋಗಕ್ಕೆ ರಾಯರು ಅಧ್ಯಕ್ಷರಾಗಿದ್ದರು. ಯಾವೊಂದು ಪ್ರಾಂತಕ್ಕೂ ನದಿಯ ಮೇಲೆ ಏಕಸ್ವಾಮ್ಯವಿಲ್ಲ, ನ್ಯಾಯೋಚಿತವಾದ ಹಂಚಿಕೆಯೇ ಸರಿಯಾದ ಮಾರ್ಗ ಎಂಬುದು 1942ರ ಅವರ ವರದಿಯ ಸಾರ.

ತುಂಗಭದ್ರೆಯ ಮೇಲೆ ಕರಾರು ಒದಗಿದುದು ಅದರ ಎರಡು ವರ್ಷಗಳ ಮೇಲೆ. 1944ರ ಜೂನಿನಲ್ಲಿ ಮದರಾಸು ಹೈದರಾಬಾದುಗಳು ಹೊಸಪೇಟೆಯ ಬಳಿಯ ಮಲ್ಲಾಪುರದಲ್ಲಿ ಅಣೆಕಟ್ಟನ್ನು ಕಟ್ಟಿ ತಲಾ 65 ಟಿ.ಎಂ.ಸಿ. ನೀರನ್ನು ಪಡೆಯಲು ಒಡಂಬಟ್ಟುವು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಜುಲೈಯಲ್ಲಿ ಮದರಾಸು ಮೈಸೂರುಗಳ ನಡುವೆ ಇನ್ನೊಂದು ಕರಾರಾಯಿತು. 1945ನೆಯ ಇಸವಿ ಫೆಬ್ರವರಿ 28ರಂದು ಒಂದು ದಂಡೆಯಲ್ಲಿ ಮದರಾಸಿನ ಗವರ್ನರರೂ, ಇನ್ನೊಂದು ದಂಡೆಯಲ್ಲಿ ಹೈದರಾಬಾದಿನ ಬಿರಾರ್ ರಾಜಕುಮಾರರೂ ಕಾರ್ಯಾರಂಭ ಮಾಡಿದರು. ಕಾಟನ್ ಅವರ ಆಲೋಚನೆಗೂ ಈ ದಿನಕ್ಕೂ ನಡುವೆ 85 ವರ್ಷಗಳು ಕಳೆದಿದ್ದುವು. ಇಂಜಿನಿಯರರ ಲೆಕ್ಕವು ಎಂದೋ ಸಿದ್ಧವಾಗಿದ್ದರೂ ಒಡೆಯರ ಒಪ್ಪಿಗೆಯಿಲ್ಲದೆ ಒಂದು ಕಲ್ಲೂ ಏಳಲಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಟ್ಟಡವು ಏಳುತ್ತಿದ್ದಂತೆಯೇ ಸಹಿ ಹಾಕಿದ ರಾಜ್ಯಗಳು ಮರೆಯಾಗತೊಡಗಿದುವು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯು ಒಡೆಯಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಸೇರಿದಂತೆ ಉಳಿದ ತಾಲ್ಲೂಕುಗಳು ಮೈಸೂರಿಗೂ ಬಂದುವು. 1956ರ ನವೆಂಬರ್ 1ರಂದು ಧಾರವಾಡವೂ ರಾಯಚೂರೂ ಮೈಸೂರನ್ನು ಸೇರಿ, ಮೈಲಾರದ ಎರಡೂ ದಡಗಳು ಒಂದೇ ರಾಜ್ಯದವಾದುವು. ಹೀಗೆ ಅಣೆಕಟ್ಟು ಪೂರ್ತಿಯಾಗಿ ಕನ್ನಡನಾಡಿನೊಳಗೆ ಬಂದಿತು. ಅದರ ಬಲದಂಡೆಯ ಕಾಲುವೆಗಳು ಮಾತ್ರ ಆಂಧ್ರದೊಳಕ್ಕೆ ಹರಿದುವು. ಮದರಾಸು ಮಾಡಿಕೊಂಡ ಕರಾರಿನ ಹಕ್ಕು ಯಾರಿಗೆ, ಹೊಣೆ ಯಾರದು?

ಇದಕ್ಕೆ ಉತ್ತರವನ್ನು 1953ರ ಆಂಧ್ರ ರಾಜ್ಯ ಅಧಿನಿಯಮದ 66ನೆಯ ಪ್ರಕರಣವು ಕೊಟ್ಟಿತು. ಮದರಾಸಿನ ಹಕ್ಕುಬಾಧ್ಯತೆಗಳು ಆಂಧ್ರ ಮೈಸೂರುಗಳಿಗೆ ಸಂಕ್ರಮಿಸಿದುವು. ಯೋಜನೆಯನ್ನು ನಡೆಯಿಸಲು ತುಂಗಭದ್ರಾ ಮಂಡಳಿಯು ಸ್ಥಾಪಿತವಾಯಿತು. ವಿದ್ಯುಚ್ಛಕ್ತಿಯ ಹಂಚಿಕೆಯೂ ಇದೇ ಉತ್ತರಾಧಿಕಾರದ ಲೆಕ್ಕಕ್ಕೆ ಸೇರಿತು. ಅಣೆಕಟ್ಟಿನ ಬುಡದಲ್ಲಿಯೂ, ಕಾಲುವೆಯ ಮೇಲಣ ಹಂಪೆಯಲ್ಲಿಯೂ ತಲಾ 36 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರಗಳು ಎದ್ದುವು. ಒಟ್ಟು 72 ಮೆಗಾವಾಟಿನಲ್ಲಿ ಐದನೆಯ ನಾಲ್ಕು ಪಾಲು ಆಂಧ್ರಕ್ಕೆ, ಒಂದು ಪಾಲು ಮೈಸೂರಿಗೆ. ಎದುರು ದಂಡೆಯ ಮುನಿರಾಬಾದಿನ ವಿದ್ಯುದಾಗಾರವಾದರೋ ಹೈದರಾಬಾದಿನ ಪಾಲಿನದಾಗಿದ್ದು ಮೈಸೂರಿಗೆ ಬಂದಿತು. ಒಂದೇ ಕಟ್ಟೆಯ ಎರಡು ತುದಿಗಳಲ್ಲಿ ಒಂದೇ ನೀರಿನಿಂದ ಹುಟ್ಟುವ ಶಕ್ತಿಗೆ ಎರಡು ಬಗೆಯ ಹಕ್ಕುಗಳು ನಿಂತುವು. ನೆಲವು ಯಾರದೆಂಬುದಕ್ಕಿಂತ ಕಾಗದಕ್ಕೆ ಸಹಿ ಹಾಕಿದವರ ವಾರಸುದಾರರು ಯಾರೆಂಬುದೇ ಇಲ್ಲಿ ಮುಖ್ಯವಾಯಿತು.

ಸಂವಿಧಾನದ 262ನೆಯ ವಿಧಿಯೂ 1956ರ ಅಂತರರಾಜ್ಯ ಜಲವಿವಾದಗಳ ಅಧಿನಿಯಮವೂ 1935ರ ಮಾರ್ಗವನ್ನೇ ಅನುಸರಿಸಿ, ನದಿಯ ಹಂಚಿಕೆಯನ್ನು ನ್ಯಾಯಾಲಯಗಳಿಂದ ತೆಗೆದು ನ್ಯಾಯಾಧಿಕರಣಗಳಿಗೆ ಕೊಟ್ಟುವು. 1969ರ ಏಪ್ರಿಲಿನಲ್ಲಿ ನ್ಯಾಯಮೂರ್ತಿ ಬಚಾವತರ ಅಧ್ಯಕ್ಷತೆಯಲ್ಲಿ ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು ಕುಳಿತಿತು. 1973ರ ವರದಿಯೂ 1976ರ ಅಂತಿಮ ಆದೇಶವೂ ಹೊರಬಂದುವು. ಕೃಷ್ಣೆಯ 2060 ಟಿ.ಎಂ.ಸಿ. ನೀರಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಎಂದು ನಿಗದಿಯಾಯಿತು. ಅದರೊಳಗೆ ತುಂಗಭದ್ರಾ ಜಲಾಶಯದ ಲೆಕ್ಕ 230. ಆವಿಯಾಗುವ ನೀರೂ ಸೇರಿ ಕರ್ನಾಟಕದ್ದು 151.49, ಆಂಧ್ರದ್ದು 78.51. 1892ರ ಕರಾರು ಕೃಷ್ಣಾ ಕೊಳ್ಳಕ್ಕೆ ಸಂಬಂಧಿಸಿದಷ್ಟು ಮಟ್ಟಿಗೆ ಈ ಆದೇಶದಿಂದ ರದ್ದಾಯಿತು. 1933 ಮತ್ತು 1944ರ ಕರಾರುಗಳೂ ಅವುಗಳ ಪೂರಕ ಕಾಗದಗಳೂ ಅದೇ ಹಾದಿ ಹಿಡಿದುವು. ಅದೇ 1892ರ ಕಾಗದವು ಕಾವೇರಿಯ ವ್ಯಾಜ್ಯದಲ್ಲಿ ಮಾತ್ರ 2018ರವರೆಗೆ ಸುಪ್ರೀಂ ಕೋರ್ಟಿನ ಮುಂದೆ ವಾದಕ್ಕೆ ಬರುತ್ತಲೇ ಇತ್ತು. ಒಂದು ಕೊಳ್ಳದಲ್ಲಿ ತೀರಿದ ಕರಾರು ಮತ್ತೊಂದು ಕೊಳ್ಳದಲ್ಲಿ ಜೀವ ಹಿಡಿದಿದ್ದ ಈ ಸಂಗತಿಯು ನ್ಯಾಯವಾದಿಗಳ ಕೆಲಸದ ಜಟಿಲತೆಯನ್ನು ತೋರಿಸುತ್ತದೆ.

ಹೀಗೆ ಹಕ್ಕುಗಳು ನಿರ್ಣಯವಾದುವಾದರೂ ನಿರ್ಣಯಕ್ಕೆ ಬಾರದೆ ಉಳಿದ ವಿಷಯಗಳುಂಟು. ಜಲಾಶಯವು ಸುಮಾರು 378 ಚದರ ಕಿಲೋಮೀಟರ್ ನೆಲವನ್ನು ನುಂಗಿತು. ಸುಮಾರು 90 ಹಳ್ಳಿಗಳ ಜನರು ಎದ್ದುಹೋಗಬೇಕಾಯಿತು. ನಾರಾಯಣದೇವರಕೆರೆಯಂತಹ ಹಳೆಯ ಊರು ನೀರಿನ ಕೆಳಗಾಗಿ, ಅದರ ಜನರು ಮರಿಯಮ್ಮನಹಳ್ಳಿಯಲ್ಲಿ ನೆಲೆ ಕಂಡುಕೊಂಡರು. ಕರಾರುಗಳಲ್ಲಿ ಇವರು ಪಕ್ಷಗಾರರಾಗಿರಲಿಲ್ಲ. ಇನ್ನು ಹೊಳೆಯು ಹೊತ್ತುತರುವ ಹೂಳಿಗೆ ಯಾವ ರಾಜ್ಯದ ಪಾಲೂ ಗೊತ್ತಾಗಿರಲಿಲ್ಲ. ಆರಂಭದಲ್ಲಿ ಸುಮಾರು 132 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯವು 2016ರ ಅಳತೆಯಲ್ಲಿ 105.788 ಟಿ.ಎಂ.ಸಿ.ಗೆ ಇಳಿದಿತ್ತು. ಕಾಗದದ ಮೇಲಣ ಪಾಲು ಕುಂದಲಿಲ್ಲ, ಪಾತ್ರೆಯು ಕುಂದಿತು.

ಹಡಗಲಿ ಸೀಮೆಯ ಮಾತು ಇನ್ನೂ ವಿಶೇಷವಾದುದು. ಅದು ಅಣೆಕಟ್ಟಿನ ಮೇಲಣ ಹರಿವಿನಲ್ಲಿರುವುದರಿಂದ ಅದರ ಕಾಲುವೆಗಳು ಹಿಂದಕ್ಕೆ ಹರಿದು ಇಲ್ಲಿಗೆ ಬರುವಂತಿಲ್ಲ. ಕೆಳಗಿನ ರಾಯಚೂರು ಕರ್ನೂಲುಗಳಲ್ಲಿ ಬತ್ತ ಬೆಳೆಯುತ್ತಿದ್ದಾಗ ಹೊಳೆಯ ಕಣ್ಣೆದುರಿನ ಮೈಲಾರದ ಸುತ್ತಣ ಎರೆಭೂಮಿಯು ಮುಗಿಲನ್ನೇ ನೋಡುತ್ತಿತ್ತು. ಹಿಂದೆ ಬಳಸಿದವನಿಗೆ ಹಕ್ಕು ಎಂಬ ನ್ಯಾಯದಲ್ಲಿ, ಎಂದೂ ಬಳಸದ ಈ ಸೀಮೆಗೆ ತೋರಿಸಲು ಸಾಕ್ಷ್ಯವೇ ಇರಲಿಲ್ಲ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ಬ್ಯಾರೇಜನ್ನು ಕಟ್ಟಿ ಎರಡೂ ದಡಗಳಿಗೆ ನೀರೆತ್ತುವ ಸಿಂಗಟಾಲೂರು ಯೋಜನೆಯು ಬಂದುದು ಬಹು ತಡವಾಗಿ, ಎರಡೂ ದಡಗಳು ಒಂದು ರಾಜ್ಯವಾದ ದಶಕಗಳ ಮೇಲೆ.

ವ್ಯಾಜ್ಯವು ಇನ್ನೂ ಮುಗಿದಂತಿಲ್ಲ. 2004ರಲ್ಲಿ ರಚಿತವಾದ ನ್ಯಾಯಮೂರ್ತಿ ಬ್ರಿಜೇಶ್ ಕುಮಾರರ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ತೀರ್ಪನ್ನಿತ್ತಿತು. 2011ರಲ್ಲಿ ಅದರ ಗೆಜೆಟ್ ಪ್ರಕಟಣೆಗೆ ಸುಪ್ರೀಂ ಕೋರ್ಟು ತಡೆಯೊಡ್ಡಿತು. 2014ರಲ್ಲಿ ತೆಲಂಗಾಣವು ಹುಟ್ಟಿ ಪಕ್ಷಗಾರರ ಪಟ್ಟಿಯು ಮತ್ತೆ ಬೆಳೆಯಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ, ತಾತ್ಕಾಲಿಕ ತಡೆಯನ್ನು ಕೂರಿಸುವವರೆಗೆ ಹರಿದುಹೋದ ನೀರು ಕರ್ನಾಟಕದ್ದೂ ಆಂಧ್ರದ್ದೂ ತೆಲಂಗಾಣದ್ದೂ ಆಗಿತ್ತು. ಕಾಗದದಲ್ಲಿ ಬೇರ್ಪಡಿಸಿದ ಪಾಲುಗಳು ಒಂದೇ ಗೇಟಿನ ಹಿಂದೆ ನಿಂತಿದ್ದುವೆಂಬುದನ್ನು ಆ ರಾತ್ರಿ ಎಲ್ಲರಿಗೂ ಕಾಣಿಸಿಕೊಟ್ಟಿತು.

ಮದರಾಸು ಪ್ರಾಂತವೂ ನಿಜಾಮನ ರಾಜ್ಯವೂ ಮೈಸೂರು ಸಂಸ್ಥಾನವೂ ಇಂದು ಇಲ್ಲ. ಅವುಗಳ ಸಹಿಗಳಿಂದ ಹುಟ್ಟಿದ ಹಂಚಿಕೆಯು ಮಾತ್ರ ರೂಪಾಂತರಗೊಂಡು ನಡೆದಿದೆ. ಮುಂದೆ ಬರೆಯಬೇಕಾದ ಕರಾರುಗಳಲ್ಲಿ ನೀರಿನ ಅಳತೆಯ ಜೊತೆಗೆ ಹೂಳಿಗೂ, ಮುಳುಗಿದ ಊರುಗಳಿಗೂ, ಎಂದೂ ನೀರು ಕಾಣದ ಹೊಲಗಳಿಗೂ ಒಂದೊಂದು ಕಲಮು ಇರುವುದು ನ್ಯಾಯ. ಗಡಿಗಳನ್ನು ಮತ್ತೆ ಎಳೆಯಬಹುದು. ಹೊಳೆಯು ತನ್ನ ಪಾತ್ರವನ್ನು ಗಡಿಗಾಗಿ ಬದಲಿಸುವುದಿಲ್ಲ.